ಎರಡು ಕೊಟೇಶನ್

ಜುಲೈ. ಮಲ್ಪೆ ದಕ್ಕೆಯಲ್ಲಿ ಬೋಟುಗಳೆಲ್ಲ
ಒಂದಕ್ಕೊಂದು ಮೈ ತಾಗಿಸಿ ನಿಂತಿವೆ.
ಐಸ್ ಪ್ಲಾಂಟಿನ ಕಂಪ್ರೆಸರಿಗೆ ರಜೆ.
ನನ್ನ ಮೇಜಿನ ಮೇಲೆ ಎರಡು ಕೊಟೇಶನ್,
ಹಾರದಂತೆ ಮೇಲೊಂದು ತುಕ್ಕು ಹಿಡಿದ ನಟ್ಟು.

ಮೂವತ್ತೊಂದು ವರ್ಷ ಇಲ್ಲಿ ಫೋನೆತ್ತಿದವಳು ಸೆವ್ರಿನ್ ಬಾಯಿ.
ಅತ್ತಲಿಂದ ಹಲೋ ಬರುವ ಮೊದಲೇ ಎಂಜಿನ್ನಿನ ಸದ್ದು ಕೇಳಿ
ಯಾವ ಬೋಟು, ಎಷ್ಟು ಬ್ಲಾಕು, ಹಳೆ ಬಾಕಿ ಎಷ್ಟು
ಎಲ್ಲ ಚೀಟಿಯಲ್ಲಿ ಬರೆದಿಡುತ್ತಿದ್ದಳು.
ಮೇ ಕೊನೆಗೆ ನಿವೃತ್ತಿ. ಒಂದು ಗೋಡೆ ಗಡಿಯಾರ ಕೊಟ್ಟೆವು.
ಬೆಳಗಿನ ಮೂರು ಗಂಟೆಯನ್ನು ಇನ್ನು ನೋಡುವುದಿಲ್ಲ ಅಂದಳು.

ಮೊದಲ ಕೊಟೇಶನ್ ತಂದವರು ಇಸ್ತ್ರಿ ಹಾಕಿದ ಅಂಗಿಯವರು.
ಎಲ್ಲ ನಮ್ಮದೇ ಸಾರ್, ನಂಬರು, ಯಂತ್ರ, ರಿಪೇರಿ, ರೆಕಾರ್ಡಿಂಗು,
ಒಂದು ಕುರ್ಚಿಗೆ ತಿಂಗಳಿಗೆ ಇಷ್ಟು,
ನಿಮಗೆ ತಲೆಬಿಸಿಯೇ ಇಲ್ಲ.
ಕನ್ನಡಕ್ಕೆ ಒಂದು ಒತ್ತಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು.
ತುಳು? ಎಂದೆ.
ಮೇಲಿನವರಿಗೆ ಬರೆಯುತ್ತೇವೆ ಅಂದರು.
ಬರೆದಿರಲೂಬಹುದು.

ಎರಡನೆಯದು ಕೊಟೇಶನ್ನೇ ಅಲ್ಲ, ವಹಿ ಹಾಳೆಯ ಹಿಂಬದಿ.
ಕಿದಿಯೂರಿನ ಪ್ರಜ್ವಿತ್ ಕುಂದರ್, ಮೊಣಕಾಲಿನವರೆಗೆ ಕೆಸರು.
ಕಂಪೆನಿ ಬರೀ ನೂಲು ಕೊಡುತ್ತದೆ ಮಾಮ, ಬಲೆ ನಾವೇ ಹೆಣೆಯಬೇಕು.
ಆಡಿದ ನಿಮಿಷಕ್ಕಷ್ಟೇ ದುಡ್ಡು.
ನಾನು ಕೋಡ್ ಬರೆದರೆ, ಬೋಟಿನವರ ನಂಬರು ಕಂಡ ಕೂಡಲೇ
ಬಾಕಿ ಎಷ್ಟೆಂದು ಅದೇ ಹೇಳುತ್ತದೆ.
ತುಳುವಿನಲ್ಲಿ.

ಹೆಣೆದದ್ದು ಹರಿದರೆ?
ಹುಡುಗ ಹೊರಗೆ ನೋಡಿದ.
ಅಲ್ಲಿ ಟರ್ಪಾಲಿನಡಿ ಏಳೆಂಟು ಜನ
ಹೋದ ಸೀಸನ್ನಿನ ಬಲೆಯನ್ನು ಮಡಿಲಲ್ಲಿ ಹರಡಿಕೊಂಡು
ತೂತು ಹುಡುಕುತ್ತಿದ್ದರು.
ಅದೇ ಉತ್ತರವಿರಬೇಕು. ಅಥವಾ ಅವನಿಗೆ ಉತ್ತರ ಗೊತ್ತಿರಲಿಲ್ಲ.

ರಾತ್ರಿ ನಿದ್ದೆ ಬಾರದೆ, ಮೂರು ಗಂಟೆಗೆ
ಎರಡೂ ಟ್ರಯಲ್ ನಂಬರಿಗೆ ಫೋನು ಮಾಡಿದೆ.
ಮೊದಲನೆಯದು ಒಂದೇ ರಿಂಗಿಗೆ ಎತ್ತಿತು:
ನಿಮ್ಮ ಕರೆ ನಮಗೆ ಅಮೂಲ್ಯ. ಹಿಂದೆ ಕೊಳಲು.
ಹನ್ನೊಂದು ನಿಮಿಷ ಅಮೂಲ್ಯನಾಗಿ ಕಾದೆ.
ಎರಡನೆಯದು ಸತ್ತಂತೆ ಸುಮ್ಮನಿತ್ತು,
ಆಮೇಲೆ ಕರಕರ, ಆಮೇಲೊಂದು ನಿದ್ದೆಗಣ್ಣಿನ ದನಿ:
ಹಲೋ, ಏರ್?
ಕೋಡಿನಲ್ಲೆಲ್ಲೋ ತಪ್ಪಿ, ಕರೆ ಪ್ರಜ್ವಿತನ ದಿಂಬಿನಡಿಗೆ ಹೋಗಿತ್ತು.

ಆ ತಪ್ಪು ಕೇಳಿಯೇ ಒಪ್ಪಿಕೊಂಡೆ ಅಂದರೆ ಚಂದ. ಹಾಗಲ್ಲ.
ವರ್ಷಕ್ಕೆರಡು ತಿಂಗಳು ಫೋನೇ ಬಾರದ ಆಫೀಸಿನಲ್ಲಿ
ಖಾಲಿ ಕುರ್ಚಿಗೆ ಬಾಡಿಗೆ ಕೊಡುವುದು ಯಾಕೆ?
ಲೆಕ್ಕ ಅಷ್ಟೇ.
ಹುಡುಗನಿಗೆ ಜ್ವರ ಬಂದರೆ ಓದಿ ತಿದ್ದಲು ಇನ್ನೊಬ್ಬರು ಬೇಕು
ಎಂದು ಷರತ್ತು ಹಾಕಿದೆ. ಅವನ ತಂಗಿ ಕಲಿಯುತ್ತಿದ್ದಾಳೆ.

ಇನ್ನು ದನಿ.
ಮೊಬೈಲು ಹಿಡಿದು ಕಲ್ಮಾಡಿಯ ಸೆವ್ರಿನ್ ಮನೆಗೆ ಹೋದೆವು.
ಹಲಸಿನ ಬೀಜ ಸುಲಿಯುತ್ತಿದ್ದಳು.
ಸಾಕು ಮಾರಾಯ್ರೆ, ಮೂವತ್ತೊಂದು ವರ್ಷ ಊರಿಗೆಲ್ಲ ಹಲೋ ಹೇಳಿದೆ,
ಇನ್ನು ಈ ಗಂಟಲು ನನ್ನದು,
ಎಂದು ಮಡಿಲಿನ ಸಿಪ್ಪೆ ಕೊಡವಿ ಒಳಗೆ ಹೋದಳು.

ಹಾಗಾಗಿ ದನಿ ನನ್ನದೇ.
ಬಕಾರ ಬಂದಲ್ಲಿ ಕೊಂಚ ತೊದಲುತ್ತೇನೆ.
ಬೋಟು, ಬ್ಲಾಕು, ಬಾಕಿ, ನಮ್ಮ ವ್ಯಾಪಾರವೆಲ್ಲ ಬಕಾರವೇ.

ಆಗಸ್ಟ್ ಒಂದು, ಮೂರು ಗಂಟೆ ಹತ್ತು ನಿಮಿಷ, ಮೊದಲ ಕರೆ.
ಬೆಳಿಗ್ಗೆ ರೆಕಾರ್ಡಿಂಗ್ ಹಾಕಿ ಕೇಳಿದೆ.
ನನ್ನ ದನಿ ಬಾಕಿ ಹೇಳುತ್ತದೆ,
ತಾಂಡೇಲ ದೂಮಣ್ಣ ಜಗಳಕ್ಕಿಳಿಯುತ್ತಾನೆ.
ಹೋದ ವರ್ಷವೇ ಕೊಟ್ಟಿದ್ದೇನಲ್ಲ!
ಐಸಿಗೆ ಒಂದು ಒತ್ತಿ.
ಸೆವ್ರಿನ್ ಬಾಯಿಯನ್ನು ಕರಿ!
ಐಸಿಗೆ ಒಂದು ಒತ್ತಿ.
ಕೊನೆಗೆ ಸುಸ್ತಾಗಿ, ಮೆತ್ತಗೆ,
ನಿನ್ನ ತೊದಲು ಇನ್ನೂ ಹೋಗಲಿಲ್ಲ ಅಲ್ವಾ ಮಾರಾಯ, ಅಂದು
ಒಂದು ಒತ್ತಿದ.

ನಾಲ್ಕು ನಿಮಿಷ. ಎರಡು ರೂಪಾಯಿ ನಲವತ್ತು ಪೈಸೆ.
ದೂಮಣ್ಣನ ಬಾಕಿಗೆ ಸೇರಿಸಬೇಕೋ ಬೇಡವೋ
ಇನ್ನೂ ತೀರ್ಮಾನಿಸಿಲ್ಲ.